ಸುಣ್ಣ ಬಳಿದ ಮೇಲೆ ಅಳೆದ ಗಾಳಿ

ಬಸವಕಲ್ಯಾಣ
೨೪ ಆಗಸ್ಟ್ ೨೦೨೪, ಶನಿವಾರ

ಚಿ. ಸೌ. ಪೂನಂಗೆ, ಸಿಟ್ಟು ಇಳಿಯದಿದ್ದರೂ ಆಶೀರ್ವಾದದಲ್ಲಿ ಕಡಿಮೆ ಮಾಡದ ನಿನ್ನ ಅತ್ತೆ ಬರೆಯುವುದು.

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ನೀಲೂ ಚೆನ್ನಾಗಿದ್ದೀರೆಂದು ಕುಮಾರ ಹೇಳುತ್ತಾನೆ. ಆದರೆ ನನ್ನ ಮಗ ಹೇಳುವುದು ಯಾವತ್ತೂ ಅರ್ಧ, ಉಳಿದದ್ದನ್ನು ನಾವೇ ಊಹಿಸಿಕೊಳ್ಳಬೇಕು. ಫೋನಿನಲ್ಲಿ ಮಾತಾಡೋಣವೆಂದರೆ ನಿಮ್ಮ ಅವ್ವ ಸ್ಪೀಕರ್ ಹಚ್ಚಿಟ್ಟು ರೊಟ್ಟಿ ಬಡಿಯುತ್ತಾಳೆ. ನಾನು ಸೊಸೆಗೆ ಹೇಳಿದ್ದು ಹುಮನಾಬಾದಿನ ಅರ್ಧ ಓಣಿಗೆ ಕೇಳುತ್ತದೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ತುಳಜಾರಾಮ ಹೇಗೂ ದಿನಾ ಅಲ್ಲಿಗೆ ನೌಕರಿಗೆ ಹೋಗಿಬರುವವನು, ಅವನ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಜೊತೆಗೆ ಶೇಂಗಾ ಉಂಡಿಯ ಡಬ್ಬಿ. ಉಂಡಿ ನೀಲುಗೆ, ಕಾಗದ ನಿನಗೆ. ಮೊದಲು ಕಾಗದ ಓದು, ಆಮೇಲೆ ಮಗಳ ಉಂಡಿಗೆ ಕೈ ಹಾಕು.

ಕುಮಾರ ನಿನ್ನ ಫೋನಿಗೆ ಕಳಿಸಿದ ರಿಪೋರ್ಟು ನೋಡಿರಬೇಕು. ಉತ್ತರ ಕೊಟ್ಟಿಲ್ಲವಂತೆ. ಏನು ಉತ್ತರ ಕೊಡುತ್ತೀಯೆ? ಗಾಳಿ ಅಳೆದರು, ಏನೂ ಸಿಗಲಿಲ್ಲ. ನಮ್ಮ ಬಡಗಣ ಕೋಣೆಯ ಒಳಗಿರುವುದಕ್ಕಿಂತ ಹೊರಗೆ ಓಣಿಯ ಗಾಳಿಯಲ್ಲೇ ಬೂಷ್ಟಿನ ಬೀಜ ಹೆಚ್ಚಂತೆ. ಇದು ನನ್ನ ಮಾತಲ್ಲ, ಕಲಬುರಗಿಯಿಂದ ಬಂದ ಓದಿದ ಹುಡುಗಿಯ ಮಾತು.

ಪಂಚಮಿಯ ಹಿಂದಿನ ದಿನ ನೀನು ಹೋಗುವಾಗ ಏನೆಂದೆ, ನೆನಪಿದೆಯೇ? ಆ ಕೋಣೆಯ ಗೋಡೆ ಜಿನುಗುತ್ತದೆ, ಗೋಡೆಯ ಮೇಲಿನ ಕರಿ ಬೂಷ್ಟೇ ನೀಲುವಿನ ಕೆಮ್ಮಿಗೆ ಕಾರಣ, ಇನ್ನು ಮಗುವನ್ನು ಅಲ್ಲಿ ಮಲಗಿಸುವುದಿಲ್ಲ ಎಂದೆ. ಆ ಗೋಡೆಯ ಕೆಳಗೇ ಕುಮಾರ ಹುಟ್ಟಿ ಬೆಳೆದ, ಅವನಿಗೇನಾಯಿತು ಎಂದೆ ನಾನು. ಬೇರೆ ಮನೆ ಮಾಡಲು ಇದೊಂದು ನೆಪ ಎಂದೂ ಅಂದೆ. ಅಂದದ್ದು ನಿಜ, ಸಿಟ್ಟಿನಲ್ಲಿ ಅಂದೆ. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡ ಕುಮಾರ ಕಡೆಗೆ ಅಂಗಳದಲ್ಲಿ ನಿಂತು ಆಣೆ ಮಾಡಿದ: “ಗಾಳಿ ಅಳೆಸಿ ನೋಡೂಣು. ಕೋಣಿ ಖರಾಬ ಅದ ಅಂತ ಬಂದ್ರ ಬಾಡಿಗಿ ಮನಿ ಮಾಡತೀನಿ. ಇಲ್ಲ ಅಂತ ಬಂದ್ರ ನೀ ಮಾತಿಲ್ಲದ ತಿರುಗಿ ಬರಬೇಕು.” ನೀನು ಹೂಂ ಎಂದೆ, ನಾನೂ ಹೂಂ ಎಂದೆ. ಈಗ ಕಾಗದ ಬಂದಿದೆ. ಮಾತಿಗೆ ಮಾತು, ಇನ್ನು ಬಂದುಬಿಡು.

ಆ ಹುಡುಗಿಯ ಹೆಸರು ಮೆಹರೀನ್. ಕಾಲೇಜಿನಲ್ಲಿ ಇದನ್ನೇ ಓದುತ್ತಾಳಂತೆ, ಮನೆಯೊಳಗಿನ ಗಾಳಿ. ಅವಳು ಬರುತ್ತಾಳೆಂದು ಗೊತ್ತಾದಾಗ ಕುಮಾರ ಅಂಗಡಿಯ ಸಾಮಾನು ತರಲು ಸೊಲ್ಲಾಪುರಕ್ಕೆ ಹೋಗಿದ್ದ. ಮನೆಯ ಮಾನ ನನ್ನ ಕೈಯಲ್ಲಿ. ಪರ ಊರಿನ ಹುಡುಗಿ ಸೀದಾ ಒಳಕೋಣೆಗೆ ಬಂದು ಕರ್ರಗಿನ ಗೋಡೆ ನೋಡಿದರೆ ಏನೆಂದುಕೊಂಡಾಳು? ಈ ಮನೆಯಲ್ಲಿ ಹೆಂಗಸರೇ ಇಲ್ಲವೇ ಎಂದುಕೊಳ್ಳುವುದಿಲ್ಲವೇ? ಶ್ರಾವಣದಲ್ಲಿ ಅಯ್ಯನವರನ್ನು ಪೂಜೆಗೆ ಕರೆದಾಗಲೂ ನಾವು ಗೋಡೆಗೆ ಸುಣ್ಣ ಕಾಣಿಸದೆ ಬಿಟ್ಟವರಲ್ಲ. ನಾನು ಬೂಷ್ಟನ್ನೆಲ್ಲ ತೆಂಗಿನ ಗುಂಜಿನಿಂದ ಕೆರೆದು ತೆಗೆದೆ. ಫಿನಾಯಿಲ್ ಹಾಕಿ ಒರೆಸಿದೆ. ನಿಮ್ಮ ಮಾವನವರು ಹೊಲಕ್ಕೆಂದು ತಂದಿಟ್ಟಿದ್ದ ಮೈಲುತುತ್ತ ಬೆರೆಸಿ ದಪ್ಪಗೆ ಸುಣ್ಣ ಬಳಿಸಿದೆ. ಕಿಟಕಿ ಬಾಗಿಲು ಹಾಕಲೇ ಇಲ್ಲ, ಫ್ಯಾನು ತಿರುಗುತ್ತಲೇ ಇತ್ತು. ಅವಳು ಬರುವ ದಿನ ಬೆಳಿಗ್ಗೆ ಲೋಬಾನದ ಹೊಗೆಯನ್ನೂ ಹಾಕಿದೆ. ಕೋಣೆ ನೋಡಿದರೆ ಮದುವೆ ಮನೆ ಅನ್ನಬೇಕು, ಹಾಗಿತ್ತು.

ಹುಡುಗಿ ಗೋಡೆ ಮುಟ್ಟಿ ನೋಡಿ, “ಅಮ್ಮಾ, ಹೊಸದಾಗಿ ಸುಣ್ಣ ಹಚ್ಚೀರೇನ್ರಿ?” ಎಂದು ಕೇಳಿದಳು. “ವರ್ಷಾ ಶ್ರಾವಣಕ್ಕ ಹಚ್ಚತೀವವ್ವ” ಎಂದೆ. ಗಾಳಿ ಎಳೆಯುವ ಒಂದು ಚಿಕ್ಕ ಯಂತ್ರ ಇಟ್ಟಳು, ಸಾಬುದಾಣಿ ಗಂಜಿಯಂಥದ್ದನ್ನು ಹೆಪ್ಪುಗಟ್ಟಿಸಿದ ತಟ್ಟೆಗಳನ್ನು ತೆರೆದಿಟ್ಟಳು. ಚಹಾ, ಚೂಡಾ ಕೊಟ್ಟೆ. ಬೇಡ ಬೇಡ ಎನ್ನುತ್ತಲೇ ಚೂಡಾ ಪೂರಾ ತಿಂದಳು. ಒಳ್ಳೆಯ ಹುಡುಗಿ. ಕುಮಾರ ಅದೇ ಹೊತ್ತಿಗೆ ಬಂದ. ಗೋಡೆ ಬೆಳ್ಳಗಾಗಿದೆ ಎಂಬುದೇ ಅವನ ಗಮನಕ್ಕೆ ಬರಲಿಲ್ಲ. ಗೋಡೆಯನ್ನೇ ಎತ್ತಿಟ್ಟಿದ್ದರೂ ಗೊತ್ತಾಗುತ್ತಿರಲಿಲ್ಲ ಬಿಡು.

ಈಗ ನಾನು ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಎನ್ನಬಹುದಿತ್ತು. ಅನ್ನುವುದಿಲ್ಲ. ಮಠದಲ್ಲಿ ಪ್ರವಚನಕ್ಕೆ ಹೋದರೆ ಹೆಂಗಸರು, “ಸೊಸಿ ಪಂಚಮಿಗಿ ಹೋದಾಕಿ ಇನ್ನಾ ಬರಲಿಲ್ಲೇನ್ರಿ ಬಾಯಾರ?” ಎಂದು ಕೇಳುತ್ತಾರೆ. ಕೂಸಿಗೆ ನೆಗಡಿ, ಇಳಿದ ಮೇಲೆ ಬರುತ್ತಾಳೆ ಎನ್ನುತ್ತೇನೆ. ಎಷ್ಟು ದಿನ ಒಂದೇ ನೆಗಡಿ ಹೇಳಲಿ?

ಪೂನಂ, ಖರೆ ಹೇಳುತ್ತೇನೆ, ಮನೆ ಬಣಬಣ ಅನ್ನುತ್ತಿದೆ. ನನ್ನ ಚಷ್ಮಾ ಬಚ್ಚಿಡುವವರಿಲ್ಲ. ಜಗಳಕ್ಕೂ ಜನವಿಲ್ಲ. ನಿಮ್ಮ ಮಾವನವರ ಜೊತೆ ಆಡೋಣವೆಂದರೆ ಎರಡನೆಯ ಮಾತಿಗೇ ಸೋತೆ ಅನ್ನುತ್ತಾರೆ, ಏನು ರುಚಿ ಅದರಲ್ಲಿ? ನಿನ್ನ ಹಾಗೆ ಎದುರು ನಿಂತು ಮಾತಾಡುವವರು ಈ ಮನೆಯಲ್ಲಿ ಇನ್ನಾರೂ ಇಲ್ಲ.

ನಿನ್ನ ದಾರಿ ನೋಡುತ್ತಿರುವ
ಮೀರಾಬಾಯಿ

ತಾ. ಕ.: ಮೈಲುತುತ್ತದ ಸುಣ್ಣ ಬಹಳ ಚೆನ್ನಾಗಿ ಕೂತಿದೆ. ನೀನು ಬರುವಷ್ಟರಲ್ಲಿ ಅಡುಗೆಮನೆಗೂ ಹಚ್ಚಿಸಬೇಕೆಂದಿದ್ದೇನೆ.


ಹುಮನಾಬಾದ
೨೯ ಆಗಸ್ಟ್ ೨೦೨೪, ಗುರುವಾರ

ಅತ್ತೆಯವರಿಗೆ, ನಿಮ್ಮ ಕಾಗದ ಓದಿ ನಕ್ಕು, ಅತ್ತು, ಮುಖ ತೊಳೆದುಕೊಂಡು ಬರೆಯಲು ಕೂತ ಪೂನಂಳ ಶರಣು.

ಉಂಡಿ ಮುಟ್ಟಿದವು. ನೀಲು ಡಬ್ಬಿಯನ್ನು ತನ್ನ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ, ನನಗೂ ಕೇಳಿಯೇ ಕೊಡುತ್ತಾಳೆ. ಅವ್ವನಿಗೆ ಸ್ಪೀಕರಿನ ವಿಷಯ ಹೇಳಲಿಲ್ಲ, ಅದೊಂದು ನನ್ನ ಹೊಟ್ಟೆಯಲ್ಲೇ ಇರಲಿ.

ಅತ್ತೆ, ಆ ಹುಡುಗಿ ನೋಡಲು ಬಂದದ್ದು ನೀವು ಕೆರೆದು ತೆಗೆದದ್ದನ್ನೇ. ಜ್ವರದ ಗುಳಿಗೆ ನುಂಗಿಸಿ ಆಮೇಲೆ ಥರ್ಮಾಮೀಟರ್ ಇಟ್ಟರೆ ಜ್ವರ ಎಲ್ಲಿ ಕಂಡೀತು? ನಾನು ಸಿಟ್ಟಿನಿಂದ ಬರೆಯುತ್ತಿಲ್ಲ. ನೀವು ಬೇಕೆಂದೇ ಮಾಡಿದಿರೆಂದೂ ಅನ್ನುವುದಿಲ್ಲ. ಬೇಕೆಂದೇ ಮಾಡಿದ್ದರೆ ಇಷ್ಟು ಹೆಮ್ಮೆಯಿಂದ ನನಗೇ ಬರೆದು ತಿಳಿಸುತ್ತಿದ್ದಿರೇ? ನೀವು ನನ್ನನ್ನು ನೋಡಲು ಬಂದ ವರ್ಷ ನಮ್ಮ ಅಪ್ಪ ನಿಮ್ಮ ಮನೆಗೆ ಬಂದಾಗಲೂ ಸುಣ್ಣ ಇನ್ನೂ ಹಸಿಯಾಗಿತ್ತಂತೆ. ಅವರ ಬಿಳಿ ಅಂಗಿಯ ತೋಳಿಗೆ ಹತ್ತಿದ್ದನ್ನು ಅವ್ವ ಈಗಲೂ ಹೇಳಿ ನಗುತ್ತಾಳೆ.

ರಿಪೋರ್ಟಿನ ಮೇಲೆ ಮೆಹರೀನ್ ಅವರ ನಂಬರಿತ್ತು, ನಾನೇ ಫೋನು ಮಾಡಿ ಸುಣ್ಣದ ಸಂಗತಿ ಹೇಳಿದೆ. ಮೊದಲು ನಕ್ಕರು. ಸುಣ್ಣ ಹಚ್ಚದಿದ್ದರೂ ಇದು ಸುಲಭವಿರಲಿಲ್ಲ ಎಂದರು. ಬೂಷ್ಟಿನ ಬೀಜ ಗಾಳಿಯಲ್ಲಿ ಒಂದೇ ಸಮ ಇರುವುದಿಲ್ಲವಂತೆ. ಕಸ ಗುಡಿಸಿದರೆ ಏಳುತ್ತದೆ, ಆಮೇಲೆ ಕೂರುತ್ತದೆ. ಬೆಳಿಗ್ಗೆ ಅಳೆದರೆ ಒಂದು, ಸಂಜೆ ಅಳೆದರೆ ಇನ್ನೊಂದು. ಮಳೆಗಾಲದ ಲೆಕ್ಕ ಬೇಸಿಗೆಗೆ ಬರುವುದಿಲ್ಲ. ತಟ್ಟೆಯಲ್ಲಿ ಜೀವವಿರುವುದು ಮಾತ್ರ ಬೆಳೆಯುತ್ತದೆ, ಸತ್ತದ್ದು ಬೆಳೆಯುವುದಿಲ್ಲ, ಆದರೆ ಸತ್ತದ್ದೂ ಎದೆಗೆ ಹತ್ತಬಹುದು. ಇಷ್ಟಿದ್ದರೆ ಪರವಾಗಿಲ್ಲ, ಇದಕ್ಕಿಂತ ಹೆಚ್ಚಾದರೆ ಕೆಟ್ಟದ್ದು ಎಂದು ಎಲ್ಲರೂ ಒಪ್ಪಿದ ಗೆರೆಯೇ ಇಲ್ಲವಂತೆ. ಒಂದು ವರ್ಷ, ಕಾಲಕಾಲಕ್ಕೆ ಬಂದು ಅಳೆದರೆ ಕೋಣೆಯ ಬಗ್ಗೆ ಏನಾದರೂ ಹೇಳಬಹುದು. ನೀಲುವಿನ ಕೆಮ್ಮು ಅದರಿಂದಲೇ ಎಂದು ಆಗಲೂ ಬರೆದುಕೊಡಲು ಬರುವುದಿಲ್ಲ ಎಂದರು. ಆ ಕಾಗದ ನನ್ನ ಪರವಾಗಿ ಮಾತಾಡುತ್ತದೆಂದು ಅದರ ಮೇಲೇ ಭಾರ ಹಾಕಿ ಕೂತಿದ್ದೆ.

ನೀವು ನಿಮ್ಮ ಸುಣ್ಣದ ವಿಷಯ ಮುಚ್ಚಿಡದೆ ಬರೆದಿರಿ. ನಾನು ಒಂದನ್ನು ಮುಚ್ಚಿಟ್ಟಿದ್ದೇನೆ, ಇವರಿಗೂ ಹೇಳಿಲ್ಲ. ನೀಲು ಇಲ್ಲಿಯೂ ಕೆಮ್ಮಿದಳು. ನಮ್ಮ ಉತ್ತಮಣ್ಣ ಹಳ್ಳಿಖೇಡದ ಹೊಲದಿಂದ ಹೆಸರುಕಾಳಿನ ಗಿಡ ತಂದು ಅಂಗಳದಲ್ಲೇ ಬಡಿಸಿದ, ಮನೆಯೆಲ್ಲ ಧೂಳೆದ್ದಿತು. ಆ ಸಂಜೆ ಮಗುವಿಗೆ ಉಸಿರು ಸಿಕ್ಕಿಕೊಂಡಿತು. ದವಾಖಾನೆಗೆ ಓಡಿದೆವು, ಮುಖಕ್ಕೆ ಮಾಸ್ಕು ಕಟ್ಟಿ ಔಷಧದ ಹೊಗೆ ಕೊಟ್ಟರು. ಇದು ಮನೆಯ ಬೂಷ್ಟಿನಿಂದ ಬಂದದ್ದೇ ಎಂದು ಡಾಕ್ಟರನ್ನು ಕೇಳಿದೆ. “ಬೂಷ್ಟ ಇರಬಹುದವ್ವ, ಧೂಳ ಇರಬಹುದು, ಬರೇ ನೆಗಡಿನೂ ಇರಬಹುದು. ಇದs ಅಂತ ಬೊಟ್ಟ ಮಾಡಿ ತೋರಸಾಕ ಬರಂಗಿಲ್ಲ” ಎಂದರು. ದೊಡ್ಡ ಊರಿನಲ್ಲಿ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಇದೆಯಂತೆ. ಅದೂ ಮೈಗೆ ಯಾವುದು ಆಗಿಬರುವುದಿಲ್ಲ ಎನ್ನುತ್ತದೆಯೇ ಹೊರತು ಯಾರ ಮನೆಯ ಗೋಡೆ ಎಂದು ಹೇಳುವುದಿಲ್ಲ.

ಹಾಗಾಗಿ ನನ್ನ ಕೈಯಲ್ಲೂ ಏನೂ ಇಲ್ಲ ಅತ್ತೆ. ನನ್ನ ಕಣ್ಣಿಗೆ ಕಂಡದ್ದು ಮಾತ್ರ ಇದೆ. ಅಲ್ಲಿ ನಸುಕಿನಲ್ಲಿ ನೀಲು ಎದ್ದು ಕೂತು ನನ್ನ ಸೆರಗು ಹಿಡಿಯುತ್ತಿದ್ದಳು, ಒಂದೊಂದು ಉಸಿರಿಗೂ ಅವಳ ಹೆಗಲು ಮೇಲೇಳುತ್ತಿತ್ತು. ಇಲ್ಲಿ ಆ ಒಂದು ಸಂಜೆ ಬಿಟ್ಟರೆ ಬೆಳಗಿನ ತನಕ ಮಲಗುತ್ತಾಳೆ. ಇದನ್ನು ಯಾವ ತಟ್ಟೆಯಲ್ಲಿ ಬೆಳೆಸಿ ತೋರಿಸಲಿ?

ಬೇರೆ ಮನೆಯ ಆಸೆಯಿಂದ ಹೀಗೆ ಮಾಡಿದಳೆಂದು ಮಾತ್ರ ತಿಳಿಯಬೇಡಿ. ನನಗೆ ಬೇರೆಯಾಗುವುದೇ ಬೇಕಿದ್ದರೆ ನಿಮ್ಮ ಜೊತೆ ಇಷ್ಟು ಜಗಳ ಆಡುತ್ತಿರಲಿಲ್ಲ, ಸುಮ್ಮನೆ ಹೊರಟುಬಿಡುತ್ತಿದ್ದೆ. ಆಣೆಯ ಪ್ರಕಾರ ಕಾಗದ ನಿಮ್ಮ ಕಡೆಗಿದೆ. ಸುಣ್ಣದ ನೆಪ ಹೇಳಿ ನಾನು ಮಾತು ತಪ್ಪುವುದಿಲ್ಲ. ನೀವು ಬಾ ಎಂದರೆ ಬರುತ್ತೇನೆ. ಒಂದೇ ಕೇಳಿಕೆ, ನೀಲು ಆ ಕೋಣೆಯಲ್ಲಿ ಮಲಗುವುದು ಬೇಡ. ನಾವಿಬ್ಬರೂ ಪಡಸಾಲೆಯಲ್ಲಿ ಹಾಸಿಕೊಳ್ಳುತ್ತೇವೆ.

ಮಾವನವರಿಗೆ ಶರಣು ಹೇಳಿ.

ನಿಮ್ಮ ಸೊಸೆ
ಪೂನಂ

ತಾ. ಕ.: ಅಡುಗೆಮನೆಗೆ ಮೈಲುತುತ್ತ ಖಂಡಿತ ಬೇಡ. ಅದು ವಿಷ.


ಬಸವಕಲ್ಯಾಣ
೧೦ ಸೆಪ್ಟೆಂಬರ್ ೨೦೨೪, ಮಂಗಳವಾರ

ಪೂನಂ, ನನ್ನ ತಾಯಿ,

ಉತ್ತರ ತಡವಾಯಿತು. ಸಿಟ್ಟಿನಿಂದಲ್ಲ. ಮೊದಲು ಸಿಟ್ಟೇ ಬಂದಿತ್ತು, ಅತ್ತೆಗೆ ಬುದ್ಧಿ ಹೇಳುತ್ತಾಳೆ ನೋಡು ಎಂದು ಕಾಗದವನ್ನು ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಆಮೇಲೆ ತೆಗೆದು ನಿಮ್ಮ ಮಾವನವರಿಗೆ ಓದಿ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. “ಕಳ್ಳನ್ನ ನೀನs ಹಿತ್ತಲ ಬಾಗಿಲದಿಂದ ಹೊರಗ ಕಳಿಸಿ, ಪೊಲೀಸರಿಗಿ ಚಹಾ ಚೂಡಾ ಕೊಟ್ಟು ಕಳವೀದಿ ಮೀರಾ” ಎಂದರು. ಅಷ್ಟು ದಿನ ಮನೆಯಲ್ಲೇ ಇದ್ದು ಸುಣ್ಣ ಕಲೆಸಿಕೊಟ್ಟವರು ಅವರೇ, ಅದನ್ನು ಮಾತ್ರ ಮರೆತಿದ್ದಾರೆ.

ಕುಮಾರನಿಗೆ ಸುಣ್ಣದ ಸಂಗತಿ ಹೇಳುವುದು ಕಷ್ಟವಾಯಿತು. ಕೇಳಿದವನು ಊಟ ಬಿಟ್ಟು ಅಂಗಡಿಗೆ ಹೋದ. ನಾನು ಬೈಗುಳ ತಿನ್ನಲು ತಯಾರಾಗಿ ಕೂತಿದ್ದೆ. ಸಂಜೆ ಬಂದವನ ಮುಖದಲ್ಲಿ ಹೊಸ ಹುರುಪು. ಮೆಹರೀನಳ ಜೊತೆ ಮಾತಾಡಿ ಬಂದಿದ್ದ. ಸುಣ್ಣ ಕೆರೆಸಬೇಕು, ಕಿಟಕಿ ಮುಚ್ಚಬೇಕು, ಯಾರೂ ಏನೂ ಮುಟ್ಟಬಾರದು. ಮಳೆಗಾಲಕ್ಕೊಮ್ಮೆ, ಚಳಿಗೊಮ್ಮೆ, ಬೇಸಿಗೆಗೊಮ್ಮೆ ಅಳೆಸಬೇಕು. “ಈ ಸಲ ಬರೋಬ್ಬರಿ ಅಳೆಸ್ತೀನವ್ವ. ವರ್ಷ ಹಿಡದ್ರ ಹಿಡೀಲಿ” ಎಂದ.

ಅಷ್ಟರಲ್ಲಿ ಗಣಪತಿಯ ಮುಂಚಿನ ಮಳೆ ಹಿಡಿದುಕೊಂಡಿತು. ನೀನೂ ಅಲ್ಲಿ ಕಂಡಿರುತ್ತೀಯೆ. ನನ್ನ ಚೆಂದದ ಸುಣ್ಣ ಗುಳ್ಳೆ ಎದ್ದು ಉದುರಿತು. ನೀಲುವಿನ ತಲೆದಿಂಬು ಇರುವ ಕಡೆಯೇ ಕರಿ ಮತ್ತೆ ಮೂಡಿತು. ಒರೆಸಲು ಅರಿವೆ ತಂದರೆ ಕುಮಾರ ಕೈ ಹಿಡಿದ. ಮುಟ್ಟಬೇಡ, ಅಳೆಯುವ ತನಕ ಹಾಗೇ ಇರಲಿ ಎಂದ. ನನಗೆ ತಡೆಯಲಾಗಲಿಲ್ಲ. “ಬೂಷ್ಟಕ್ಕ ಮೇವ ಹಾಕಿ ಸಾಕತೀ ಏನು? ಆತು, ವರ್ಷ ತನಕ ಅಳೆಸು. ವರ್ಷ ತನಕ ನಿನ್ನ ಮಗಳು ಏನ ಮಾಡಬೇಕು, ಉಸಿರ ಹಿಡಕೊಂಡ ಕೂಡಬೇಕೇನು?” ಎಂದು ಕೇಳಿದೆ. ಅವನು ಗೋಡೆಯನ್ನೂ ನನ್ನನ್ನೂ ನೋಡಿದ. ಆಮೇಲೆ ನೀಲುವಿನ ಖಾಲಿ ಹಾಸಿಗೆಯ ಅಂಚಿನ ಮೇಲೆ ಕೂತು ಅತ್ತ. ಕುಮಾರ ಅತ್ತದ್ದನ್ನು ನೀನು ನೋಡಿರಲಿಕ್ಕಿಲ್ಲ. ನಾನು ನೋಡಿಯೂ ಬಹಳ ವರ್ಷವಾಗಿತ್ತು. ಅವನಿಗೆ ನಿಮ್ಮಿಬ್ಬರ ಮೇಲೆ ಎಷ್ಟು ಜೀವ ಇದೆ ಎಂದು ಬಾಯಿಂದ ಹೇಳಲು ಬರುವುದಿಲ್ಲ, ಅದಕ್ಕೇ ಯಂತ್ರ ತರಿಸುತ್ತಾನೆ.

ಮರುದಿನ ನಾನೇ ಮನೆ ಹುಡುಕಲು ಹೊರಟೆ. ತ್ರಿಪುರಾಂತ ಕೆರೆಯ ಕಡೆಯದು ಒಂದಿತ್ತು, ನೀರಿನ ಹತ್ತಿರ ಬೇಡವೆಂದೆ. ಬಂಗ್ಲಾ ರಸ್ತೆಯ ಕಡೆ ಮಹೆಬೂಬ ಅವರ ಮನೆಯ ಮಾಳಿಗೆಯ ಮೇಲಿನ ಭಾಗ ಖಾಲಿ ಇದೆ. ಎರಡು ಕೋಣೆ, ಎರಡಕ್ಕೂ ಬೆಳಗಿನ ಬಿಸಿಲು. ನಾನು ಒಂದೊಂದೇ ಗೋಡೆಗೆ ಅಂಗೈ ಊರಿ ನೋಡಿದೆ, ಅಲಮಾರಿಯೊಳಗೆ ತಲೆ ಹಾಕಿ ವಾಸನೆ ತೆಗೆದುಕೊಂಡೆ, ಬಚ್ಚಲ ಗೋಡೆಯ ಹಿಂದೆಯೂ ಹೋಗಿ ಬಂದೆ. ಮಹೆಬೂಬ ಅವರು, “ಬಾಯಾರ, ಮನಿ ನೋಡಾಕ ಬಂದೀರೋ, ಮೂಸಾಕ ಬಂದೀರೋ?” ಎಂದು ಕೇಳಿದರು. ಎರಡಕ್ಕೂ ಎಂದೆ. ಅವರ ಹೆಂಡತಿ ಹಜಿರಾ ಬೀ ನಕ್ಕು ಚಹಾ ಕೊಟ್ಟಳು. ಹಳೆಯ ಸುಣ್ಣ, ಒಂದೆರಡು ಕಡೆ ಹುಡುಗರು ಬರೆದ ಗೀಟುಗಳಿವೆ. ಹೊಸದಾಗಿ ಬಳಿಸಿಕೊಡುತ್ತೇವೆ ಎಂದರು. ಬೇಡವೇ ಬೇಡ, ಇದ್ದ ಹಾಗೇ ಇರಲಿ, ನಾನು ಇದ್ದದ್ದನ್ನೇ ನೋಡಿ ಹೋಗುತ್ತೇನೆ ಎಂದೆ. ಕುಮಾರ ಅವರಿಗೆ ಮಾತು ಕೊಟ್ಟು ಬಂದಿದ್ದಾನೆ.

ನೀವು ಮೂವರೂ ಅಲ್ಲಿರಿ. ದೂರವೇನಲ್ಲ, ನಾನು ದಿನಾ ಬಂದು ನಿನ್ನ ಅಡುಗೆಗೆ ಹೆಸರಿಡುತ್ತೇನೆ. ನಾವಿಬ್ಬರು ಮೊದಲಿನಿಂದಲೂ ಪಡಸಾಲೆಯವರು. ಆ ಕೋಣೆಯ ಸಾಮಾನು ತೆಗೆಸಿ, ಹಿಂದಿನ ಮನೆಯವರ ಬಚ್ಚಲ ನೀರು ಎಲ್ಲಿಂದ ಇಳಿಯುತ್ತದೆಂದು ಗೌಂಡಿಯನ್ನು ಕರೆದು ಅಗೆಸಿ ನೋಡುತ್ತೇವೆ.

ಮಠದ ಹೆಂಗಸರಿಗೂ ಹೇಳಿಬಿಟ್ಟೆ, “ಮಗಾ ಸೊಸೀನ ನಾನs ಬ್ಯಾರೆ ಇಡಾಕತ್ತೇನಿ” ಎಂದು. ನೆಗಡಿ ಮುಗಿಯಿತು. ಒಬ್ಬಾಕೆ, “ಹಂಗಾರ ಸೊಸಿ ಗೆದ್ದಳು ಬಿಡ್ರಿ” ಎಂದಳು. “ಗೆಲ್ಲಲಿ, ಮಂದಿ ಸೊಸಿ ಅಲ್ಲಲ್ಲ, ನನ್ನ ಸೊಸಿ” ಎಂದು ಎದ್ದು ಬಂದೆ.

ಪೂನಂ, ಹೆಸರು ಬಡಿದ ದಿನದ ಕೆಮ್ಮನ್ನು ನೀನು ಬರೆಯದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಬೇರೆ ಮನೆಯ ನೆಪ ಎಂದು ನಾನಂದ ಮಾತನ್ನು ನುಂಗಿಕೊಳ್ಳುತ್ತೇನೆ, ನೀನೂ ಮರೆತುಬಿಡು. ಇನ್ನೊಂದು ಮಾತು ಕೊಡುತ್ತೇನೆ. ಇದು ಗೋಡೆಯದೇ ಎಂದು ಯಾರೂ ಬರೆದುಕೊಟ್ಟಿಲ್ಲ. ಹೊಸ ಮನೆಯಲ್ಲೂ ಕೂಸು ಕೆಮ್ಮಬಹುದು. ಕೆಮ್ಮಿದರೆ ಮುಚ್ಚಿಡದೆ ಮೊದಲು ನನಗೇ ಹೇಳು. ‘ನಾನು ಹೇಳಿರಲಿಲ್ಲವೇ’ ಎಂದು ನನ್ನ ಬಾಯಿಂದ ಬರುವುದಿಲ್ಲ. ಇಬ್ಬರೂ ಕೂಡಿ ಮತ್ತೇನು ಎಂದು ಹುಡುಕೋಣ.

ಭಾನುವಾರ ಕುಮಾರ ನಿಮ್ಮನ್ನು ಕರೆದುಕೊಂಡು ಬರಲು ಬರುತ್ತಾನೆ. ಸೀದಾ ಹೊಸ ಮನೆಗೇ ಬನ್ನಿ. ಒಲೆ ಹಚ್ಚಿ ನಾನು ಅಲ್ಲೇ ಇರುತ್ತೇನೆ.

ನಿನ್ನ ಅತ್ತೆ
ಮೀರಾಬಾಯಿ

ತಾ. ಕ.: ಇದನ್ನು ಬರೆಯಬಾರದೆಂದಿದ್ದೆ. ನೀನು ಹೋದ ದಿನದಿಂದ ನಾನು ಬಡಗಣ ಕೋಣೆಯಲ್ಲಿ, ನೀಲುವಿನ ಹಾಸಿಗೆಯಲ್ಲೇ ಮಲಗುತ್ತಿದ್ದೇನೆ. ಸುಣ್ಣಕ್ಕೆ ಮೊದಲೂ ಮಲಗಿದೆ, ಈಗ ಕರಿ ತಿರುಗಿ ಬಂದ ಮೇಲೂ ಮಲಗಿದ್ದೇನೆ. ನಿನ್ನನ್ನು ಸೋಲಿಸಬೇಕೆಂದೇ ಮಲಗಿದ್ದು. ನನಗೆ ಒಂದು ಕೆಮ್ಮೂ ಬಂದಿಲ್ಲ, ಒಂದು ಸೀನೂ ಇಲ್ಲ. ಆದರೆ ಇದು ನನ್ನ ಎದೆಯ ಸುದ್ದಿ, ಆ ಕೂಸಿನ ಎದೆಯದಲ್ಲ. ರಾತ್ರಿ ಅಂಗಡಿಯಲ್ಲೇ ಮಲಗುವ ಕುಮಾರನಿಗೆ ಇದು ಗೊತ್ತಿಲ್ಲ, ಅವನಿಗೆ ಮಾತ್ರ ಹೇಳಬೇಡ. ಅವನು ಇನ್ನೂ ಒಳಗೊಳಗೇ ಪುರಾವೆ ಹುಡುಕುತ್ತಿದ್ದಾನೆ, ಇದು ಸಿಕ್ಕರೆ ಮನೆ ಬೇಡವೆಂದುಬಿಡುತ್ತಾನೆ.